ರೈಲ್ವೆ ಗೇಟಿನ ಪುಟ

ಓದುವವಳ ಎದೆ ಎಲ್ಲಿ ಹಾರುತ್ತದೆ ಎಂಬುದು ಕಥೆಗೇ ಗೊತ್ತಾಗಿಬಿಟ್ಟರೆ ಏನಾಗಬಹುದು? ಬೆಂಗಳೂರಿನ ಒಂದು ಕಂಪನಿ ಹೀಗೊಂದು ಪ್ರಶ್ನೆ ಕೇಳಿಕೊಂಡಿತು. ಕೇಳಿಕೊಂಡವರ ಹೊಟ್ಟೆ ತುಂಬಿತ್ತು. ಉತ್ತರ ಕೊಡಬೇಕಾಗಿ ಬಂದವರು ಮಾತ್ರ ಕತ್ತಲಲ್ಲೇ ಎದ್ದು ಒಲೆ ಹಚ್ಚಿ, ಡಬ್ಬಿ ಕಟ್ಟಿಕೊಂಡು, ಗಾರ್ಮೆಂಟ್ಸ್ ಬಸ್ಸಿಗೆ ಓಡಿಬರುವ ಹೆಂಗಸರು.

ಕಂಪನಿಯ ಹೆಸರು ಮಿಡಿತ. ಅದು ಮಾರುತ್ತಿದ್ದದ್ದು ಜಪಾನಿನ ಮಾಂಗಾ ಮಾದರಿಯ ಚಿತ್ರಕಥೆ. ಕಪ್ಪು ಬಿಳುಪಿನ ಚೌಕಗಳು, ಅರ್ಧ ಮುಖ ತುಂಬುವ ಕಣ್ಣುಗಳು, ಗಾಳಿಯಿಲ್ಲದಿದ್ದರೂ ಹಾರುವ ಕೂದಲು. ಮಕ್ಕಳಿಗಲ್ಲ, ದುಡಿಯುವ ಹೆಂಗಸರಿಗೆ. 'ಏಳನೇ ಮಹಡಿ' ಎಂಬುದು ಅದರಲ್ಲಿ ಬಹಳ ಓಡಿದ ಕಥೆ. ಮೂವತ್ತು ದಾಟಿದ ಮಾನ್ವಿ ದೊಡ್ಡ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬಾಸ್ ಬೈಯುತ್ತಾನೆ, ಬಡ್ತಿ ತಪ್ಪುತ್ತದೆ, ಮನೆಯವರು ಮದುವೆ ಮದುವೆ ಎಂದು ಪ್ರಾಣ ತಿನ್ನುತ್ತಾರೆ. ಅದೇ ಮಹಡಿಯಲ್ಲಿ ನಿಹಾರ್ ಎಂಬವನಿದ್ದಾನೆ. ಮಾತು ಕಡಿಮೆ. ಅವಳು ದಣಿದ ದಿನ ಅವಳ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು, ಏನೂ ಹೇಳದೆ ಹೋಗುತ್ತಾನೆ. ಅಷ್ಟೇ ಕಥೆ. ಅಷ್ಟಕ್ಕೇ ಸಾವಿರಾರು ಹೆಂಗಸರು ಜೀವ ಬಿಡುತ್ತಿದ್ದರು. ಯಾಕೆಂದರೆ ಅವರಿಗಾಗಿ ಒಂದು ಲೋಟ ನೀರನ್ನಾದರೂ ತಂದಿಟ್ಟವರು ಅವರ ಬದುಕಿನಲ್ಲಿ ಯಾರೂ ಇರಲಿಲ್ಲ.

ಈ ಕಥೆಗಳನ್ನು ಬರೆಯುವ ಯಂತ್ರದ ಗುಟ್ಟು ದೊಡ್ಡದೇನಲ್ಲ. ಓದುವಾಗ ಬೆರಳನ್ನು ಫೋನಿನ ಹಿಂದಿನ ಕ್ಯಾಮೆರಾದ ಮೇಲೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಪುಟ ತಿರುಗುವುದಿಲ್ಲ. ಬೆರಳ ತುದಿಗೆ ರಕ್ತ ನುಗ್ಗಿದಾಗ ಬೆಳಕು ಒಂದಿಷ್ಟು ಕಂದುತ್ತದೆ, ಇಳಿದಾಗ ತಿಳಿಯಾಗುತ್ತದೆ. ಅದರಿಂದ ನಾಡಿ ಸಿಗುತ್ತದೆ. ಮುಂದಿನ ಕ್ಯಾಮೆರಾ ಕಣ್ಣು ಎಲ್ಲಿ ನಿಂತಿದೆ ಎಂದು ನೋಡುತ್ತದೆ. ಯಾವ ಚೌಕದಲ್ಲಿ ನಾಡಿ ಏರಿತೋ ಅಂಥದ್ದನ್ನೇ ನಾಳೆ ಯಂತ್ರ ಇನ್ನಷ್ಟು ಬರೆಯುತ್ತದೆ. ಹೀಗಾಗಿ ಒಬ್ಬೊಬ್ಬಳ ಫೋನಿನಲ್ಲಿ ಒಬ್ಬೊಬ್ಬ ನಿಹಾರ್. ಒಬ್ಬಳಿಗೆ ಗಡ್ಡ, ಒಬ್ಬಳಿಗೆ ಕನ್ನಡಕ, ಒಬ್ಬಳಿಗೆ ಸತ್ತುಹೋದ ಗಂಡನ ಹುಬ್ಬು.

ಗಾರ್ಮೆಂಟ್ಸ್‌ನವರು ಇದನ್ನು ಕೊಂಡುಕೊಂಡಿದ್ದು ಸಾಹಿತ್ಯದ ಪ್ರೀತಿಯಿಂದಲ್ಲ. ಫ್ಯಾಕ್ಟರಿಯ ಬಸ್ಸು ಹತ್ತಿ ಹಾಜರಿ ಕಾರ್ಡು ಒತ್ತಿದರೆ ಮಾತ್ರ ಆವತ್ತಿನ ಕಂತು ತೆರೆದುಕೊಳ್ಳುತ್ತದೆ. ರಜೆ ಹಾಕಿದವಳಿಗೆ ಕಂತಿಲ್ಲ. ಕೆಲಸ ಬಿಟ್ಟವಳಿಗೆ ನಿಹಾರನೇ ಇಲ್ಲ. ಆ ವರ್ಷ ಹೆಂಗಸರು ಜ್ವರದಲ್ಲೂ ಕೆಲಸಕ್ಕೆ ಬಂದರು. ಸೂಪರ್‌ವೈಸರ್ ಹೊಲಸು ಮಾತಾಡಿದರೂ ಬಂದರು.

ಮದ್ದೂರಿನ ಆಚೆಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಒಂದು ಬಸ್ಸಿನಲ್ಲಿ ಮಾತ್ರ ಬೇರೊಂದು ಪದ್ಧತಿ ಬೆಳೆದಿತ್ತು. ಎಲ್ಲರ ಬಳಿಯೂ ಫೋನಿದ್ದರೂ ಅಲ್ಲಿ ಯಾರೂ ಒಬ್ಬೊಬ್ಬರೇ ಓದುತ್ತಿರಲಿಲ್ಲ. ಒಬ್ಬಳು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಓದುವವಳು ಶಶಿರೇಖಾ. ಕಾಲರ್ ಹೊಲಿಯುವ ವಿಭಾಗದವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ಸೇರಿದವಳು. ನಿಹಾರನ ಮಾತಿಗೆ ಗಂಟಲು ಇಳಿಸುತ್ತಿದ್ದಳು, ಬಾಸ್ ಮಾತಿಗೆ ಮೂಗಿನಲ್ಲಿ ಎಳೆಯುತ್ತಿದ್ದಳು. ಸೂಪರ್‌ವೈಸರನ ಧ್ವನಿಯೇ ಅದು ಎಂದು ಇಡೀ ಬಸ್ಸು ನಗುತ್ತಿತ್ತು.

"ನಿಧಾನಕ್ಕೆ ಓದಮ್ಮಿ, ಕಾಫಿ ಇಟ್ಟಿದ್ದು ಇನ್ನೊಂದ್ಸಲ ಹೇಳು," ಎನ್ನುತ್ತಿದ್ದಳು ಬಟನ್ ವಿಭಾಗದ ಚಿಕ್ಕತಾಯಿ, ಶಶಿರೇಖಾಳ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತು.

"ಎಷ್ಟು ಸಲ ಇಡ್ಬೇಕೇ? ಆರೋಯ್ತದೆ."

"ಆರೋಗ್ಲಿ ಬುಡು. ನಮ್ಮನೇಲಿರೋನು ಬಿಸೀದೂ ಕೊಟ್ಟಿಲ್ಲ, ಆರಿರೋದೂ ಕೊಟ್ಟಿಲ್ಲ."

"ನೀನಾದ್ರೂ ನಿನ್ ಫೋನ್ ತಗ್ದು ಓದ್ಕೊಬಾರ್ದಾ ಚಿಕ್ಕತಾಯಕ್ಕ?"

"ಒಬ್ಳೇ ಮೂಲೇಲಿ ಕುಂತು ಓದಾದು ಅಂದ್ರೆ ಒಬ್ಳೇ ಕದ್ದು ಉಂಡಂಗೆ ಕಣೆ. ನಂಗೆ ಸೇರಾಕಿಲ್ಲ."

ಊರಿಂದ ಹೆದ್ದಾರಿಗೆ ಸೇರುವ ಮುಂಚೆ ಒಂದು ರೈಲ್ವೆ ಗೇಟಿದೆ. ಆ ಹೊತ್ತಿಗೆ ಮೈಸೂರಿನ ರೈಲು ಬರುವುದರಿಂದ ಬಸ್ಸು ಅಲ್ಲಿ ನಿಲ್ಲಲೇಬೇಕು. ಡ್ರೈವರ್ ಬೋರೇಶ ಎಂಜಿನ್ ಆರಿಸುತ್ತಾನೆ. ಒಂದು ಸಲ, ಒಂದೇ ಸಲ, ತಲೆಯ ಮೇಲಿನ ಕನ್ನಡಿಯೊಳಗೆ ನೋಡುತ್ತಾನೆ. ಶಶಿರೇಖಾ ಫೋನಿನಿಂದ ಕಣ್ಣೆತ್ತುತ್ತಾಳೆ. ರೈಲು ಹೋಗುತ್ತದೆ, ಗೇಟು ಏಳುತ್ತದೆ, ಅವಳು ಓದು ಮುಂದುವರಿಸುತ್ತಾಳೆ. ಇಬ್ಬರ ನಡುವಿನ ಹಗಲಿನ ಸಂಬಂಧ ಇಷ್ಟೇ. ಮಿಕ್ಕದ್ದೆಲ್ಲ ಊಟದ ಹೊತ್ತಿನಲ್ಲಿ ಫ್ಯಾಕ್ಟರಿಯ ನೀರಿನ ಟ್ಯಾಂಕಿನ ಹಿಂದಿನಿಂದ ಮಾಡುವ ಫೋನು. ಮುಂದಿನ ಸೋಮವಾರ ಮೈಸೂರಿಗೆ ಹೋಗಿ ಮದುವೆ ರಿಜಿಸ್ಟರ್ ಮಾಡಿಸಿ, ಅಲ್ಲೇ ಇದ್ದುಬಿಡುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು. ಬೋರೇಶ ಊರಾಚೆಯ ಕೇರಿಯವನು. ಪಕ್ಕದ ಊರಿನಲ್ಲಿ ಇಂಥದ್ದೇ ಒಂದು ಜೋಡಿ ಸಿಕ್ಕಿಬಿದ್ದಾಗ ಹುಡುಗ ಕೆರೆಯಲ್ಲಿ ತೇಲಿದ್ದ. ಈಜು ಬರುತ್ತಿರಲಿಲ್ಲ ಎಂದು ಬರೆದುಕೊಂಡು ಮುಗಿಸಿದ್ದರು.

ಅದೇ ಬಸ್ಸಿನಲ್ಲಿ, ಅವಳ ಹಿಂದಿನ ಸೀಟಿನಲ್ಲಿ, ಅಣ್ಣನ ಹೆಂಡತಿ ಪ್ರಮೀಳಾ ಕೂರುತ್ತಿದ್ದಳು.

*

ಮಿಡಿತದ ಕಚೇರಿಯಲ್ಲಿ ಗೋಡೆ ತುಂಬ ಪರದೆಗಳು. ಒಂದೊಂದು ಗೆರೆಯೂ ಒಬ್ಬೊಬ್ಬ ಹೆಂಗಸಿನ ನಾಡಿ. ತಂಪು ಕೋಣೆಯಲ್ಲಿ ಕೂತು ಆ ಗೆರೆಗಳನ್ನು ನೋಡುತ್ತಿದ್ದವನು ತನ್ಮಯ್. ಅವನ ಮೇಲಿನವನು ಕೌಸ್ತುಭ್, ಕಥಾ ವಿಭಾಗದ ಮುಖ್ಯಸ್ಥ. ಮೂಲೆಯ ಮೇಜಿನಲ್ಲಿ ವಾರಿಜಾ. ಯಂತ್ರ ಬರೆದ ಚಿತ್ರಗಳಲ್ಲಿ ಆರು ಬೆರಳು ಬಂದರೆ ಐದು ಮಾಡುವುದು ಅವಳ ಕೆಲಸ.

"ಸರ್, ಈ ಒಂದು ಫೋನ್ ನೋಡಿ," ಅಂದ ತನ್ಮಯ್. "ಪ್ರತಿದಿನ ಒಂದು ಕಡೆ ಹಾರ್ಟ್ ರೇಟ್ ಹಾರತ್ತೆ. ಆದರೆ ಬೇರೆ ಬೇರೆ ಚೌಕದಲ್ಲಿ. ಒಂದಿನ ಕಾಫಿ, ಒಂದಿನ ಲಿಫ್ಟು, ನಿನ್ನೆ ಬರೀ ಒಂದು ಕುರ್ಚಿ. ಕುರ್ಚಿ ನೋಡಿ ಯಾರಿಗಾದ್ರೂ ಎದೆ ಹೊಡ್ಕೊಳತ್ತಾ?"

"ಸೆನ್ಸರ್ ಹಾಳಾಗಿರ್ಬೇಕು."

"ಇಲ್ಲ ಸರ್. ಎದೆ ಹಾರೋ ಟೈಮಲ್ಲಿ ಅವಳ ಕಣ್ಣು ಪುಟದ ಮೇಲೇ ಇಲ್ಲ. ಮೇಲೆ ಎಲ್ಲೋ ನೋಡ್ತಾಳೆ. ಅದೂ ಒಂದೇ ಜಾಗದಲ್ಲಿ, ಒಂದು ರೈಲ್ವೆ ಗೇಟ್ ಹತ್ರ."

ಬಸ್ಸಿನೊಳಗೆ ಹೆಂಗಸರ ರಕ್ಷಣೆಗೆಂದು ಹಾಕಿದ ಕ್ಯಾಮೆರಾ ಇತ್ತು. ಆ ಚಿತ್ರ ತರಿಸಿಕೊಳ್ಳುವುದು ಕಷ್ಟವಾಗಲಿಲ್ಲ. ರಕ್ಷಣೆಯ ಕ್ಯಾಮೆರಾ ಯಾರಿಗೆ ಬೇಕಾದರೂ ಸಿಗುತ್ತದೆ, ಒಳಗಿರುವ ಹೆಂಗಸರಿಗೆ ಬಿಟ್ಟು. ಧ್ವನಿಯಿಲ್ಲದ ಚಿತ್ರ. ತನ್ಮಯ್ ಬೇರೆಲ್ಲರನ್ನೂ ಕತ್ತರಿಸಿ ಕನ್ನಡಿಯನ್ನೂ ಅವಳ ಮುಖವನ್ನೂ ಮಾತ್ರ ದೊಡ್ಡದು ಮಾಡಿದ. ಮೂವರೂ ನೋಡಿದರು. ತನ್ಮಯ್ ಅದನ್ನು ಮತ್ತೆ ಮೊದಲಿನಿಂದ ಓಡಿಸಿದ. ಆ ನೋಟ ಹಾಗಿತ್ತು.

"ನಾವು ಕೋಟಿ ಸುರಿದು ಬರೆಸೋದು ಇದನ್ನೇ ಅಲ್ವೇನ್ರೋ," ಅಂದ ಕೌಸ್ತುಭ್. "ಇದನ್ನ ಹಾಕಿ. ಮಾನ್ವಿಗೆ ಕಾರು ಕೆಟ್ಟೋಗ್ಲಿ, ಬಸ್ ಹತ್ತಲಿ. ಡ್ರೈವರು, ಕನ್ನಡಿ, ಗೇಟು."

"ಅದು ಅವಳದು ಸರ್," ಅಂದಳು ವಾರಿಜಾ.

"ಹೆಸರಿಲ್ಲ, ಮುಖ ಇಲ್ಲ. ಭಾವನೆ ಮಾತ್ರ ತಗೋತಿದೀವಿ. ಭಾವನೆಗೆ ಓನರ್ ಇರ್ತಾರೇನಮ್ಮ?"

"ಬೇರೆ ಯಾರಾದ್ರೂ ನೋಡಿದ್ರೆ?"

ತನ್ಮಯ್ ಪರದೆ ನೋಡಿ ಹೇಳಿದ: "ಆ ಬಸ್ಸಲ್ಲಿ ಮಿಕ್ಕವರು ಯಾರೂ ಓದೋದೇ ಇಲ್ಲ ವಾರಿಜಾ. ಎಲ್ಲರ ಫೋನೂ ಬ್ಯಾಗಲ್ಲೇ ಇರತ್ತೆ. ಇವಳೊಬ್ಬಳೇ. ಇವಳ ಕಂತು ಇವಳಿಗೆ ಮಾತ್ರ."

ಅವರ ಲೆಕ್ಕದಲ್ಲಿ ಓದುವುದೆಂದರೆ ಒಬ್ಬರೇ, ಬಾಯಿ ಮುಚ್ಚಿಕೊಂಡು. ಒಬ್ಬಳು ಓದಿದರೆ ಒಂದು ಬಸ್ಸು ಕೇಳುತ್ತದೆ ಎಂಬುದು ಆ ತಂಪು ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

*

ಭಾನುವಾರ ಪ್ರಮೀಳಾ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಶಶಿರೇಖಾ ಎದುರು ಕೂತು ಕೈ ಹಾಕಿದಳು.

"ಕತೇಲಿ ಮಾನ್ವಿ ಅಣ್ಣ ಆ ನಿಹಾರನ್ನ ಒಪ್ಪಾನಾ ಶಶಿ?" ಪ್ರಮೀಳಾ ಕೇಳಿದಳು. "ಮೊನ್ನೆ ಅವ್ನು ಬೈದಾಗ ನಂಗೆ ಅಳುವೇ ಬಂದ್ಬುಡ್ತು. ಪಾಪ, ಇಷ್ಟಪಟ್ಟೋರ್ನ ಸೇರ್ಸ್‌ಬಾರ್ದಾ?"

"ಸೇರುಸ್ಬೇಕು ಅಂತೀಯಾ ಅತ್ಗೆ?"

"ಹೂಂ ಮತ್ತೆ. ಒಂದು ಜೀವ ಇನ್ನೊಂದ್ರ ಹಿಂದೆ ಹೋದ್ರೆ ಆ ಅಣ್ಣಂಗೇನ್ ಬಂತು?"

ಶಶಿರೇಖಾಳ ಬಾಯಿತನಕ ಒಂದು ಮಾತು ಬಂತು. ಅಷ್ಟರಲ್ಲಿ ಅಣ್ಣ ಕರೀಗೌಡ ಗದ್ದೆಯಿಂದ ಬಂದ. ಕೆಟ್ಟವನೇನಲ್ಲ. ತಂಗಿಗೆಂದು ಕಬ್ಬಿನ ಜಲ್ಲೆ ಮುರಿದು ತಂದಿದ್ದ. ಅವಳ ಮುಂದೆ ಇಟ್ಟು, ಕೈಕಾಲು ತೊಳೆಯುತ್ತ ಹೇಳಿದ: "ನಿಮ್ ಬಸ್ಸಿನ ಡ್ರೈವರು ಆ ಕೇರಿ ಬೋರೇಶನಂತೆ? ಹೆಂಗಸ್ರು ತುಂಬಿರೋ ಬಸ್ಸಿಗೆ ಅವ್ನು ಯಾಕಂತೆ? ಮ್ಯಾನೇಜರ್‌ಗೆ ಹೇಳ್ಬೇಕು."

"ಅವ್ನ ಪಾಡಿಗೆ ಅವ್ನು ಓಡುಸ್ತಾನೆ," ಅಂದಳು ಶಶಿರೇಖಾ. ಕಬ್ಬು ಮುಟ್ಟಲಿಲ್ಲ.

"ಓಡುಸ್ಲಿ. ಕಣ್ಣು ರಸ್ತೆ ಮೇಲಿದ್ರೆ ಸರಿ."

ಮದುವೆಯ ಸೋಮವಾರಕ್ಕೆ ಇನ್ನೂ ಎಂಟು ದಿನವಿತ್ತು.

*

ಮಾರನೆಯ ದಿನ ಶಶಿರೇಖಾ ಎಂದಿನಂತೆ ಓದತೊಡಗಿದಳು. ಮಾನ್ವಿಯ ಕಾರು ಕೆಟ್ಟಿತು. ಬಸ್ಸು ಹತ್ತಿದಳು. ಹೆಂಗಸರು ಹೋ ಎಂದರು, ನಮ್ಮ ದಾರಿಗೆ ಬಂದಳಲ್ಲ ಎಂದು. ರೈಲ್ವೆ ಗೇಟಿನಲ್ಲಿ ಬೋರೇಶ ಬಸ್ಸು ನಿಲ್ಲಿಸಿದ. ಅವಳು ಕಣ್ಣೆತ್ತಿದಳು, ಇಳಿಸಿದಳು, ಪುಟ ತಿರುಗಿಸಿದಳು.

ಪುಟದಲ್ಲಿ ರೈಲ್ವೆ ಗೇಟು ಇತ್ತು. ನಿಂತ ಬಸ್ಸು ಇತ್ತು. ತಲೆಯ ಮೇಲಿನ ಕನ್ನಡಿ ಇತ್ತು, ಕನ್ನಡಿಯೊಳಗೆ ಎರಡು ಕಣ್ಣು. ನಿಹಾರನ ದೊಡ್ಡ ಕಣ್ಣಲ್ಲ. ಎಡ ಹುಬ್ಬು ಒಂಚೂರು ಮೇಲೆದ್ದ, ದಣಿದ, ನಗುವನ್ನು ಒಳಗೇ ಇಟ್ಟುಕೊಂಡ ಕಣ್ಣು. ಕೆಳಗೆ ಒಂದು ಸಾಲು: 'ಈ ನೋಟಕ್ಕಾಗಿಯೇ ಅವಳು ಪ್ರತಿದಿನ ಕೆಲಸಕ್ಕೆ ಬರುತ್ತಿದ್ದಳು.'

ಅವಳು ಫೋನನ್ನು ತನ್ನ ಕಡೆಗೆ ವಾಲಿಸಿಕೊಂಡಳು.

"ಓದಮ್ಮಿ, ಯಾಕೆ ನಿಂತೋದೆ?"

"ಮಾನ್ವಿ... ಮಾನ್ವಿ ಕಿಟಕಿಯಿಂದ ಹೊರಗೆ ನೋಡಿದಳು," ಶಶಿರೇಖಾ ಬಾಯಿಗೆ ಬಂದದ್ದನ್ನು ಓದಿದಳು. "ಆಗ ನಿಹಾರ್ ಬೈಕಲ್ಲಿ ಬಂದ. ಹೆಲ್ಮೆಟ್ ತೆಗೆದ. ಬಾ, ಆಫೀಸಿಗೆ ಲೇಟಾಯಿತು ಅಂದ."

ಕಥೆ ಕಟ್ಟುತ್ತಲೇ ಹೋದಳು. ಧ್ವನಿ ನಡುಗದಂತೆ ಹಿಡಿದಳು, ಆದರೆ ಬೆರಳ ತುದಿಯಲ್ಲಿ ರಕ್ತ ಸುತ್ತಿಗೆಯಂತೆ ಬಡಿಯುತ್ತಿತ್ತು, ಮತ್ತು ಆ ಬೆರಳು ಕ್ಯಾಮೆರಾದ ಮೇಲೆಯೇ ಇತ್ತು.

ಚಿಕ್ಕತಾಯಿ ಅವಳ ಭುಜದ ಮೇಲೆ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಅಕ್ಷರ ನಿಧಾನ, ಚಿತ್ರ ಬೇಗ.

"ಏಯ್, ಎಲ್ಲೈತೆ ಬೈಕು? ಇದ್ರಲ್ಲಿ ಬಸ್ಸೈತೆ. ಡ್ರೈವರ್ ನೋಡ್ತಾವ್ನೆ." ಫೋನು ಕಿತ್ತುಕೊಂಡಳು. "ಅಯ್ಯೋ ನೋಡ್ರೇ, ನಮ್ ಗೇಟೇ ಇದು. ಗುಡಿ ಗೋಪ್ರಾನೂ ಬರ್ದವ್ರೆ. ಈ ಕಣ್ಣು ಯಾರ್ದಂಗೈತೆ ಹೇಳ್ರಿ?"

ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬಳು ಕನ್ನಡಿ ನೋಡಿದಳು. ಇನ್ನೊಬ್ಬಳು ನೋಡಿದಳು. "ಬೋರೇಶಣ್ಣ, ಒಸಿ ಹಿಂದುಕ್ ತಿರುಗಣ್ಣೋ," ಎಂದು ಯಾರೋ ಕೂಗಿದರು, ನಗು ಎದ್ದಿತು. ಬೋರೇಶ ತಿರುಗಲಿಲ್ಲ. ಅವನ ಕತ್ತು ಕಲ್ಲಾಗಿತ್ತು. ಅವರು ಕೆಟ್ಟದ್ದು ಎಣಿಸಿದವರಲ್ಲ. ಕಥೆಯ ಹುಮ್ಮಸ್ಸಿನಲ್ಲಿದ್ದರು.

ಫೋನು ಪ್ರಮೀಳಾಳ ಕೈಗೆ ಬಂತು. ಅವಳು ಚಿತ್ರ ನೋಡಿದಳು. ಕೆಳಗಿನ ಸಾಲು ಓದಿದಳು. ನಾದಿನಿಯ ಕುತ್ತಿಗೆಯ ಹಿಂಭಾಗ ಕಿವಿಯವರೆಗೆ ಕೆಂಪಾಗಿದ್ದನ್ನು ನೋಡಿದಳು. ಫೋನನ್ನು ಮೆತ್ತಗೆ ಅವಳ ಮಡಿಲಲ್ಲಿಟ್ಟಳು.

ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಪ್ರಮೀಳಾ ಅವಳನ್ನು ನಿಲ್ಲಿಸಿದಳು.

"ನಿಜಾನಾ?"

ಶಶಿರೇಖಾ ನಲ್ಲಿ ನಿಲ್ಲಿಸಿದಳು. ಸುಳ್ಳು ಹೇಳಬಹುದಿತ್ತು. ಬೆಳಗ್ಗೆಯಷ್ಟೇ ಹೇಳಿ ಸೋತಿದ್ದಳು.

"ನಿನ್ನೆ ನೀನೇ ಅಂದ್ಯಲ್ಲ ಅತ್ಗೆ. ಸೇರ್ಸ್‌ಬಾರ್ದಾ ಅಂತ."

"ಅದು ಕತೆ ಕಣಮ್ಮಿ," ಅಂದಳು ಪ್ರಮೀಳಾ. ಅವಳ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. "ಕತೇಲಾದ್ರೆ ಚೆಂದ. ನಮ್ಮನೇಲಾದ್ರೆ ನನ್ ಮಗ್ಳುನ್ನ ಯಾರು ಮದ್ವೆ ಆದಾರು?"

*

ಮಿಡಿತದ ಗೋಡೆಯ ಮೇಲೆ ಅಂಥ ಗೆರೆ ಹಿಂದೆಂದೂ ಎದ್ದಿರಲಿಲ್ಲ. ಕೌಸ್ತುಭ್ ಎಲ್ಲರನ್ನೂ ಕರೆದು ತೋರಿಸಿದ. ಹೊರಗಿಂದ ಬಿರಿಯಾನಿ ತರಿಸಿದರು. ಆ ಪುಟವನ್ನು ಆ ದಾರಿಯ ಎಲ್ಲ ಹೆಂಗಸರ ಫೋನಿಗೂ ಬಿಡಬೇಕೆಂದು ತೀರ್ಮಾನವಾಯಿತು.

ಮುಂದೇನು ಎಂದು ಯಂತ್ರವನ್ನು ಕೇಳಿದರು. ಅದು ಮೂರು ದಾರಿ ಬರೆದುಕೊಟ್ಟಿತು. ಒಂದರಲ್ಲಿ ಮದುವೆ. ಒಂದರಲ್ಲಿ ಅವನು ಊರು ಬಿಟ್ಟು ಹೋಗುತ್ತಾನೆ. ಮೂರನೆಯದರಲ್ಲಿ ಅದೇ ಗೇಟು, ಗೇಟಿನ ಆಚೆ ಎರಡು ಬೈಕು, ಬೈಕಿಗೊರಗಿ ನಿಂತ ಗಂಡಸರ ಬೆನ್ನು. ಬೇರೆ ಕಡೆಯ ಓದುಗರ ಮೇಲೆ ಮೂರನ್ನೂ ಪ್ರಯೋಗ ಮಾಡಿದರು. ಮೂರನೆಯದಕ್ಕೆ ನಾಡಿ ಎಲ್ಲಕ್ಕಿಂತ ಮೇಲೆ ಹೋಯಿತು.

ಯಂತ್ರಕ್ಕೆ ಕರೀಗೌಡ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕಾದ್ದೂ ಇಲ್ಲ. ಅದಕ್ಕೆ ಈ ನಾಡಿನ ಇಷ್ಟು ವರ್ಷದ ಸುದ್ದಿಗಳನ್ನೆಲ್ಲ ಓದಿಸಿದ್ದರು. ಇಂಥ ಪ್ರೀತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅದು ನಮ್ಮಿಂದಲೇ ಕಲಿತಿತ್ತು.

"ಬೇಡ ಸರ್," ಅಂದಳು ವಾರಿಜಾ. "ಮದುವೇನೇ ಹಾಕಿ. ಕೈ ಮುಗೀತೀನಿ."

"ಮದುವೆ ಆದ್ರೆ ಕಥೆ ಮುಗಿಯತ್ತೆ. ಆಮೇಲೆ ನಿನ್ನ ಸಂಬಳ ಯಾರು ಕೊಡ್ತಾರೆ?" ಕೌಸ್ತುಭ್ ನಗುತ್ತಲೇ ಹೇಳಿದ. "ಕೊನೆ ಪುಟ ಸ್ವಲ್ಪ ತಡವಾಗಿ ಬಿಡಿ. ಕಾಯಲಿ."

ವಾರಿಜಾ ಪರದೆಯ ಕಡೆ ತಿರುಗಿದಳು. ಬೈಕಿಗೊರಗಿದವನ ಕೈಯಲ್ಲಿ ಆರು ಬೆರಳಿದ್ದವು. ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ ಒಂದನ್ನು ಅಳಿಸಿದಳು.

*

ಮಾರನೆಯ ದಿನ ಬಸ್ಸು ಓಡಿಸಲು ಬರಬೇಡ ಎಂದು ಶಶಿರೇಖಾ ಬೋರೇಶನಿಗೆ ಹೇಳಿದ್ದಳು. ಅವನು ಬಂದ.

"ನಾನೊಬ್ನೇ ಓಡೋದ್ರೆ ನಿನ್ನೊಬ್ಳನ್ನೇ ಹಿಡ್ಕತಾರೆ," ಅಂದಿದ್ದ ಫೋನಿನಲ್ಲಿ. "ಸೋಮ್ವಾರ ಬ್ಯಾಡ, ನಾಳೇನೇ ಹೋಗವ. ಗೇಟ್ ದಾಟಿ ಹೆದ್ದಾರಿ ಸಿಕ್ರೆ ಸಾಕು. ಎಲ್ರನ್ನೂ ಫ್ಯಾಕ್ಟ್ರಿ ತಾವ ಇಳ್ಸಿ, ಬಸ್ಸು ಬುಟ್ಟು, ಹಂಗೇ ಮೈಸೂರು."

ಗೇಟು ದಾಟಬೇಕು. ಅಷ್ಟೇ ಬೇಕಾಗಿದ್ದದ್ದು.

ಅವಳು ಬಟ್ಟೆಯನ್ನೂ ತಂದಿರಲಿಲ್ಲ. ಊಟದ ಡಬ್ಬಿಯಲ್ಲಿ ಅನ್ನದ ಬದಲು ಹಳೆಯ ತಾಳಿಯ ಚೂರು ಚಿನ್ನ, ಆಧಾರ್ ಕಾರ್ಡು. ಪ್ರಮೀಳಾ ತಲೆನೋವೆಂದು ಆವತ್ತು ಮನೆಯಲ್ಲೇ ಉಳಿದಿದ್ದಳು. ಬಸ್ಸು ಹತ್ತಿ ಆ ಖಾಲಿ ಸೀಟು ನೋಡಿದಾಗ ಆ ತಲೆನೋವಿನ ಅರ್ಥ ಶಶಿರೇಖಾಳಿಗೆ ಹೊಳೆಯಿತು: ಅತ್ತಿಗೆ ಅಣ್ಣನಿಗೆ ಹೇಳಿಬಿಟ್ಟಿದ್ದಾಳೆ. ಮುಂದೆ ಹೋಗಿ ಬೋರೇಶನಿಗೆ ಹೇಳೋಣವೆಂದರೆ ಕಾಲಿಡಲು ಜಾಗವಿಲ್ಲದಂತೆ ಬಸ್ಸು ತುಂಬಿತ್ತು.

"ಶಶಕ್ಕ, ಓದಕ್ಕ."

"ಇವತ್ತು ಆಗಾಕಿಲ್ಲ."

"ಯಾಕೆ, ನಾಚ್ಕೆನಾ?"

"ಓದಾಕಿಲ್ಲ ಅಂದ್ನಲ್ಲ."

ಬೇಸರದ ಗುಜುಗುಜು ಎದ್ದಿತು. ಬಾಗಿಲ ಬಳಿ ಒಬ್ಬಳು ಬ್ಯಾಗಿನಿಂದ ತನ್ನ ಫೋನು ತೆಗೆದಳು. "ನಂಗೂ ಬಂದೈತೆ ಕಣ್ರೇ, ಅದೇ ಬಸ್ಸು," ಅಂದಳು. ಆಮೇಲೆ ಇನ್ನೊಬ್ಬಳು ತೆಗೆದಳು. ಕಂಬಿ ಹಿಡಿದ ಕೈಗಳು ಒಂದೊಂದಾಗಿ ಇಳಿದವು, ಬೆರಳುಗಳು ಕ್ಯಾಮೆರಾದ ಮೇಲೆ ಕೂತವು. ಮಾತು ನಿಂತಿತು. ಆ ಬಸ್ಸಿನಲ್ಲಿ ಎಂಜಿನ್ನಿನ ಸದ್ದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿರಲಿಲ್ಲ.

ಚಿಕ್ಕತಾಯಿಯೂ ಫೋನು ಹಿಡಿದಿದ್ದಳು. "ಗೇಟ್ ಆಚೆ ಯಾರೋ ಕಾಯ್ತಾವ್ರೆ," ಅಂದಳು ತನ್ನಷ್ಟಕ್ಕೆ. "ಅವ್ಳ ಅಣ್ಣನೇ ಇರ್ಬೇಕು."

ಶಶಿರೇಖಾ ಎದ್ದು ನಿಂತಳು. "ಕೇಳ್ರಿ," ಅಂದಳು. "ನಿಮ್ ಫೋನಲ್ಲಿರೋದು ನಾನೇ. ಬೋರೇಶನ್ನ ಮದ್ವೆ ಆಯ್ತಿದೀನಿ. ನಮ್ಮಣ್ಣ ಗೇಟ್ ತಾವ ಇದ್ರೂ ಇರ್ಬೋದು. ನೀವಿಷ್ಟು ಜನ ಇಳ್ದು ಅಡ್ಡ ನಿಂತ್ರೆ ಅವ್ನು ಏನೂ ಮಾಡಾಕಾಗಾಕಿಲ್ಲ. ಬರೀ ನಿಂತ್ಕೊಳ್ರಿ ಸಾಕು."

ಕೆಲವರು ತಲೆಯೆತ್ತಿದರು. ಅವರ ಮುಖದಲ್ಲಿ ಕನಿಕರವಿತ್ತು, ಮಾನ್ವಿಗೆ ತೋರಿಸುವಂಥದ್ದು.

ಬಸ್ಸು ನಿಂತಿತು. ಗೇಟು ಹಾಕಿತ್ತು. ರೈಲು ಸದ್ದು ಮಾಡುತ್ತ ಬಂದು ಹೋಯಿತು. ಕೊನೆಯ ಬೋಗಿ ಸರಿದಾಗ ಆಚೆ ಎರಡು ಬೈಕು ಕಂಡವು. ಕರೀಗೌಡ, ಅವನ ಇಬ್ಬರು ದಾಯಾದಿಗಳು. ಗೇಟು ಏಳುವುದಕ್ಕೂ ಕಾಯಲಿಲ್ಲ, ಕೆಳಗೆ ನುಸುಳಿ ಬಂದರು.

ಬೋರೇಶ ಹಿಂದಕ್ಕೆ ತಿರುಗಿ, ಕನ್ನಡಿಯಲ್ಲಲ್ಲ, ನೇರವಾಗಿ, ಅವಳನ್ನು ನೋಡಿದ. "ಶಶಿ, ಕೆಳುಕ್ ಇಳೀಬ್ಯಾಡ," ಅಂದ. ಡ್ರೈವರ್ ಕಡೆಯ ಬಾಗಿಲು ತೆರೆದುಕೊಂಡಿತು. ಕೈಯೊಂದು ಒಳಬಂದು ಅವನ ಅಂಗಿಯ ಕಾಲರ್ ಹಿಡಿದು ಕೆಳಕ್ಕೆಳೆಯಿತು.

ಅವಳು ಹೆಂಗಸರನ್ನು ತಳ್ಳಿಕೊಂಡು ಮುಂದಕ್ಕೆ ನುಗ್ಗಿದಳು. ಡಬ್ಬಿ ಬಿತ್ತು. ಯಾರೂ ತಡೆಯಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ. ನಿಂತಲ್ಲೇ ಬಗ್ಗಿಸಿದ ತಲೆಗಳ ನಡುವೆ ಅವಳು ಕಬ್ಬಿನ ಗದ್ದೆಯಲ್ಲಿ ಸಿಕ್ಕಿಬಿದ್ದವಳಂತೆ ತೆವಳಿದಳು. ಹೊರಗೆ ಏನೋ ಭಾರವಾದದ್ದು ಬಸ್ಸಿನ ತಗಡಿಗೆ ಬಡಿಯಿತು. ಮತ್ತೆ ಬಡಿಯಿತು. ಬಸ್ಸು ಅಲುಗಾಡಿತು.

ಫೋನುಗಳಲ್ಲಿ ಕೊನೆಯ ಪುಟದ ಜಾಗದಲ್ಲಿ ಬರೀ ಬಿಳುಪು, ನಡುವೆ ತಿರುಗುತ್ತಲೇ ಇದ್ದ ಪುಟ್ಟ ಚಕ್ರ. ಬೆರಳುಗಳೆಲ್ಲ ಒತ್ತಿಕೊಂಡೇ ಇದ್ದವು, ತುದಿಗಳು ಕೆಂಪಾಗಿ ಬೆಳಗುತ್ತಿದ್ದವು.

"ಆಮೇಲೇನಾಯ್ತೇ?" ಚಿಕ್ಕತಾಯಿ ಪಕ್ಕದವಳನ್ನು ಕೇಳಿದಳು.

"ಇನ್ನೂ ಬಂದಿಲ್ಲ ಕಣಕ್ಕ," ಅಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.